ತವರಿನ ಸೀರೆಗೆ ಬಿಲ್ಲು

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತು ತಿರುಗುವ ಆ ಕರಿ ಪಟ್ಟಿ ನಿಂತುಹೋದಾಗ ನನಗೆ ಬಂದ ಮೊದಲ ಯೋಚನೆ, ಯಾರೋ ಬ್ಯಾಗು ಹೊಡೆದರು ಎಂಬುದು. ತಪ್ಪಿ ಬೇರೆ ವಿಮಾನಕ್ಕೆ ಹೋಗಿರಬಹುದು, ಹಿಂದೆ ಉಳಿದಿರಬಹುದು ಎಂಬಂಥ ಒಳ್ಳೆಯ ಯೋಚನೆಗಳು ನನ್ನ ಹತ್ತಿರ ಸುಳಿಯುವುದಿಲ್ಲ. ಸಿಂಧನೂರಿನಲ್ಲಿ ಭತ್ತದ ಅಡತಿ ಅಂಗಡಿ ಇಟ್ಟುಕೊಂಡು, ರೈತರ ಕಾಳು ಕೊಂಡು ಮಾರುತ್ತ ಅರ್ಧ ಆಯುಷ್ಯ ಕಳೆದವನು ನಾನು. ಚೀಲದ ಬಾಯಲ್ಲಿ ಎಷ್ಟು ಚೆಂದದ ಕಾಳು ಕಂಡರೂ ಕಬ್ಬಿಣದ ಕೊಳವೆ ಚುಚ್ಚಿ ಅಡಿಯ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ನೋಡದೆ ದರ ಹೇಳುವವನಲ್ಲ. ದೇವರು ಎದುರಿಗೆ ಬಂದು ನಿಂತರೂ ಇವರು ಆಧಾರ್ ಕಾರ್ಡ್ ಕೇಳುತ್ತಾರೆ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿರುತ್ತಾಳೆ.

ಕಾಶಿಗೆ ಹೋಗಿದ್ದು ಅವ್ವ, ನನ್ನ ಹೆಂಡತಿ ಮತ್ತು ನಾನು, ಮೂವರೇ. ಅವ್ವನಿಗೆ ಎಂಬತ್ತರ ಹತ್ತಿರ. ರೈಲಿನಲ್ಲಿ ಹೋದರೆ ಆಕೆಯ ಮಂಡಿ ಹಿಡಿದುಬಿಡುತ್ತದೆ ಎಂದು ಕೈ ಬಿಚ್ಚಿ ವಿಮಾನದ ಟಿಕೆಟ್ ತೆಗೆಸಿದ್ದೆ. ಹೋಗುವಾಗ ಎಲ್ಲ ಸುಸೂತ್ರವಾಗಿತ್ತು. ಬರುವಾಗ ನಮ್ಮ ಎರಡು ಬ್ಯಾಗುಗಳು ಪಟ್ಟಿಯ ಮೇಲೆ ಮೆಲ್ಲಗೆ ತೇಲಿ ಬಂದವು, ಅವ್ವನದು ಬರಲಿಲ್ಲ. ಜನ ಎಲ್ಲ ತಮ್ಮ ತಮ್ಮದನ್ನು ಎಳೆದುಕೊಂಡು ಹೋದರು. ಅವ್ವ ರೊಟ್ಟಿ ಬುತ್ತಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ಟೀಲಿನ ಕುರ್ಚಿಯಲ್ಲಿ ಕೂತಿದ್ದಳು. ಬ್ಯಾಗು ಬಂದಿಲ್ಲ ಎಂದು ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು.

"ಹಂಗಾದ್ರ ನನ್ನ ಸೀರಿ?"

ಆ ಸೀರೆಯ ವಿಷಯ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕಡೆ ಹೆಂಗಸು ಸತ್ತರೆ ಮೈಮೇಲೆ ಕೊನೆಗೆ ಹೊದಿಸುವ ಸೀರೆ ತವರು ಮನೆಯಿಂದ ಬರಬೇಕು. ಗಂಡನ ಮನೆಯಲ್ಲಿ ಬೀರುಗಟ್ಟಲೆ ಸೀರೆ ಇದ್ದರೂ ಅದು ಲೆಕ್ಕಕ್ಕಿಲ್ಲ. ಅಣ್ಣನೋ ತಮ್ಮನೋ ಸೀರೆ ಹಿಡಿದು ಬರುವ ತನಕ ಹೆಣ ಎತ್ತುವುದಿಲ್ಲ. ತವರಿನಿಂದ ಯಾರೂ ಬರದಿದ್ದರೆ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು, ಪಾಪ ಹೇಳುವವರು ಕೇಳುವವರು ಯಾರೂ ಇಲ್ಲದವಳು ಎನ್ನುತ್ತಾರೆ. ಅವ್ವ ಬದುಕಿನಲ್ಲಿ ಯಾವುದಕ್ಕೂ ಅಂಜಿದವಳಲ್ಲ, ಈ ಒಂದು ಮಾತಿಗೆ ಅಂಜುತ್ತಿದ್ದಳು.

ಆಕೆಯ ತವರು ಮಸ್ಕಿ. ಇದ್ದದ್ದು ಒಬ್ಬನೇ ತಮ್ಮ, ನನ್ನ ಸೋದರಮಾವ. ಅವನು ಕೆಲ ವರ್ಷಗಳ ಹಿಂದೆ ತೀರಿಹೋದ. ಸಾಯುವುದಕ್ಕೆ ಸ್ವಲ್ಪ ಮುಂಚೆ ಅವ್ವ ಒಬ್ಬಳೇ ಬಸ್ಸು ಹತ್ತಿ ಅವನನ್ನು ನೋಡಿ ಬಂದಿದ್ದಳು. ಬರುವಾಗ ಕೈಯಲ್ಲಿ ಒಂದು ಇಳಕಲ್ ಸೀರೆ ಇತ್ತು. ನಾನು ನಿನಗಿಂತ ಮೊದಲು ಹೋಗುತ್ತೇನೋ ಏನೋ ಅಕ್ಕ, ಈಗಲೇ ಇಟ್ಟುಕೋ ಎಂದು ತಮ್ಮ ಕೊಟ್ಟ ಎಂದು ಮನೆಯವರಿಗೂ ಓಣಿಯವರಿಗೂ ಹೇಳಿದಳು. ಅದನ್ನು ಒಂದು ಸಲವೂ ಉಡದೆ ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ಆ ಸೀರೆಯನ್ನು ಗಂಗೆಯಲ್ಲಿ ಅದ್ದಿ ತರಬೇಕು ಎಂಬುದೇ ಕಾಶಿಗೆ ಹೋಗುವ ಹಟದ ಮೂಲ.

ಅದ್ದಿದಳು. ಧರ್ಮಶಾಲೆಯ ಮಾಳಿಗೆಯ ಮೇಲೆ ಒಣಹಾಕಿ, ಮಂಗಗಳು ಎಳೆಯಬಾರದೆಂದು ಕೋಲು ಹಿಡಿದು ಬಿಸಿಲಲ್ಲಿ ಕೂತಳು. ಹಿಂದಿರುಗುವಾಗ ಅದನ್ನು ಕೈಚೀಲದಲ್ಲಿ ಹಾಕಿಕೋ, ಕಣ್ಣ ಮುಂದೆ ಇರುತ್ತದೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕೈಚೀಲದಲ್ಲಿ ರೊಟ್ಟಿ ಬುತ್ತಿ ಇತ್ತು. ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಉಣ್ಣುವ ಅನ್ನದ ಜೊತೆ ಯಾರಾದರೂ ಇಡುತ್ತಾರೆಯೇ ಎಂದು ಬೈದು, ವಿಮಾನದ ಹೊಟ್ಟೆಗೆ ಹೋಗುವ ಬ್ಯಾಗಿನಲ್ಲಿ ಇಟ್ಟಳು. ಮಂಗನಿಂದ ಉಳಿಸಿಕೊಂಡದ್ದನ್ನು ವಿಮಾನಕ್ಕೆ ಕೊಟ್ಟಂತಾಯಿತು.

ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಟೈ ಕಟ್ಟಿಕೊಂಡ ಒಬ್ಬ ಇದ್ದ. ನಾನು ನಮ್ಮ ಕಡೆ ಆಂಧ್ರದ ರೈತರು ಬಂದು ನೆಲೆಸಿದ ಕಾಲುವೆ ಕ್ಯಾಂಪುಗಳಲ್ಲಿ ಕಲಿತ ತೆಲುಗಿನಲ್ಲಿ ಮಾತಾಡಿದೆ, ಅವನು ಇಂಗ್ಲಿಷಿನಲ್ಲಿ ಬರೆದುಕೊಂಡ. ಒಳಗೆ ಏನಿದೆ ಎಂದ. ಸೀರೆ ಎಂದೆ. ಅವನು ಬಟ್ಟೆಗಳು ಎಂದು ಬರೆದ. ಬಟ್ಟೆ ಅಲ್ಲ, ಸೀರೆ ಎಂದು ಬರಿ ಎಂದು ಹಟ ಹಿಡಿದೆ. ಮೊದಲು ನೀನು ಸಹಿ ಹಾಕು, ಆಮೇಲೆ ನಾನು ಎಂದೂ ಹೇಳಿದೆ, ಯಾಕೆಂದರೆ ನಮ್ಮ ಕಾಳಿನ ಪೇಟೆಯಲ್ಲಿ, ಗಂಜಿನಲ್ಲಿ, ಮೊದಲು ಸಹಿ ಹಾಕಿದವನೇ ಮುಳುಗುವವನು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ನನ್ನ ಹೆಂಡತಿ ನನ್ನ ಪರಿಚಯವೇ ಇಲ್ಲದವಳಂತೆ ದೂರ ಹೋಗಿ ನಿಂತಳು.

ಊರಿಗೆ ಬಂದ ಮೇಲೆ ಶುರುವಾಯಿತು ಫೋನಿನ ಕಾಟ. ಪ್ರತಿ ಸಲ ಬೇರೆ ಬೇರೆ ದನಿ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಹುಡುಕುತ್ತಿದ್ದೇವೆ ಸರ್, ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಸರ್ ಎಂದು ಎಲ್ಲರೂ ಒಂದೇ ಪಾಠ ಒಪ್ಪಿಸುವರು. ಅಷ್ಟು ನಯವಾಗಿ ಮಾತಾಡುವವರನ್ನು ನಾನು ನಂಬುವುದಿಲ್ಲ. ರೈತನ ಕಾಳಿಗೆ ಕಡಿಮೆ ದರ ಹೇಳುವ ದಿನ ನಾನೂ ಹಾಗೆಯೇ ನಯವಾಗಿ ಮಾತಾಡುತ್ತೇನೆ, ಮೇಲೆ ಚಹಾ ಬೇರೆ ತರಿಸುತ್ತೇನೆ. ಅವರು ಹುಡುಕುತ್ತಲೇ ಇಲ್ಲ, ನಾನು ದಣಿದು ಸುಮ್ಮನಾಗಲಿ ಎಂದು ಕಾಯುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಕೊನೆಗೆ ಬ್ಯಾಗು ಸಿಗಲಿಲ್ಲ, ಕ್ಷಮಿಸಿ ಎಂಬ ಮೇಲ್ ಬಂತು. ಬ್ಯಾಗಿನ ತೂಕಕ್ಕೆ ಇಷ್ಟು ಎಂದು ಪರಿಹಾರ ಕೊಡುತ್ತಾರಂತೆ. ಭತ್ತವನ್ನು ತೂಕಕ್ಕೆ ಮಾರುವ ನನಗೇ ಅದನ್ನು ಓದಿ ಮೈ ಉರಿಯಿತು. ರೊಕ್ಕ ಬೇಕಾಗಿತ್ತು ಎಂದಲ್ಲ. ನನ್ನ ಲೆಕ್ಕ ಬೇರೆ ಇತ್ತು. ಕೊಡಬೇಕಾದ ಮೊತ್ತ ಜಾಸ್ತಿಯಾದರೆ ಅವರಿಗೆ ನೋವಾಗುತ್ತದೆ, ನೋವಾದರೆ ಯಾವುದೋ ಊರಿನ ಯಾವುದೋ ಗೋದಾಮಿನ ಮೂಲೆಯಲ್ಲಿ ಬಿದ್ದಿರುವ ಬ್ಯಾಗನ್ನು ಎದ್ದು ಹುಡುಕುತ್ತಾರೆ. ಹಾಗಾಗಿ ಆ ಸೀರೆ ಸಾಮಾನ್ಯದ್ದಲ್ಲ, ಅದರ ಬೆಲೆ ಬೇರೆ ಎಂದು ವಾದ ಹೂಡಿದೆ. ಹಾಗಾದರೆ ಬಿಲ್ಲು ಕಳಿಸಿ ಎಂದರು. ಉಡುಗೊರೆ ಬಂದದ್ದು ಎಂದೆ. ಉಡುಗೊರೆ ಕೊಟ್ಟವರಿಂದಲೇ ಒಂದು ಪತ್ರ ಬರೆಸಿ, ಸಹಿ ಮಾಡಿಸಿ ಕಳಿಸಿ ಎಂದಳು ಫೋನಿನ ಹುಡುಗಿ. ಕೊಟ್ಟವನು ಸತ್ತಿದ್ದಾನೆ ಎಂದು ಈಕೆಗೆ ಹೇಗೋ ಗೊತ್ತಾಗಿದೆ, ಅದಕ್ಕೇ ಬೇಕೆಂದೇ ಇದನ್ನು ಕೇಳುತ್ತಿದ್ದಾಳೆ ಎಂದು ಆ ಕ್ಷಣಕ್ಕೆ ನನಗೆ ಅನ್ನಿಸಿದ್ದು ನಿಜ.

ಇತ್ತ ಅವ್ವ ಬದಲಾಗಿಬಿಟ್ಟಿದ್ದಳು. ಮೊದಲು ಸಣ್ಣ ಕೆಮ್ಮು ಬಂದರೆ ಶುಂಠಿ ಕಷಾಯ ಕುಡಿದು ಸುಮ್ಮನಾಗುತ್ತಿದ್ದವಳು ಈಗ ಡಾಕ್ಟರ ಹತ್ತಿರ ಹೋಗೋಣ ಎನ್ನತೊಡಗಿದಳು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೇ ಇಳಿಯುವಳು. ಯಾಕೆ ಇಷ್ಟು ಅಂಜಿಕೆ ಎಂದು ನನ್ನ ಹೆಂಡತಿ ಕೇಳಿದರೆ, ಸೀರೆ ಸಿಗುವ ತನಕ ನಾನು ಸಾಯುವ ಹಾಗಿಲ್ಲ ಎಂದು ನಗದೇ ಹೇಳಿದಳಂತೆ.

ಮಸ್ಕಿಗೆ ಹೋದೆ. ಮಾವ ಸತ್ತರೇನು, ಅವನ ಹೆಂಡತಿ ಇದ್ದಾಳೆ, ನನ್ನ ಅತ್ತೆ. ಗಂಡ ಕೊಟ್ಟ ಸೀರೆಗೆ ಹೆಂಡತಿಯ ಸಹಿ ನಡೆಯುತ್ತದೆ ಎಂದು ಲೆಕ್ಕ ಹಾಕಿ, ಕಾಗದವನ್ನು ಮೊದಲೇ ಟೈಪ್ ಮಾಡಿಸಿಕೊಂಡು ಹೋಗಿದ್ದೆ.

ಆ ಮನೆಯ ಮೆಟ್ಟಿಲು ಹತ್ತಿ ನನಗೂ ವರ್ಷಗಳಾಗಿದ್ದವು. ಕಾರಣ ಹೊಲ. ನನ್ನ ತಾತ ತೀರಿಕೊಂಡ ಮೇಲೆ ಅವ್ವನಿಗೂ ಪಾಲು ಬರುವುದಿತ್ತು. ಮಾವ ಒಂದು ದಿನ ಬಂದು ಅಕ್ಕಾ, ನಿನಗೆ ಏನು ಕಡಿಮೆ ಆಗಿದೆ, ಒಂದು ಸಹಿ ಹಾಕಿಬಿಡು, ಅರಿಶಿಣ ಕುಂಕುಮಕ್ಕೆಂದು ಪ್ರತಿ ವರ್ಷ ನಾಗರ ಪಂಚಮಿಗೆ ಕರೆದು ಸೀರೆ ಉಡಿಸುತ್ತೇನೆ ಎಂದಿದ್ದ. ನಮ್ಮ ಕಡೆ ಅಕ್ಕತಂಗಿಯರು ಹೊಲ ಬಿಡುವುದೇ ಹೀಗೆ. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ, ಬಿಟ್ಟವಳಿಗೆ ಪಂಚಮಿಗೆ ಸೀರೆ ಬರುತ್ತದೆ. ಲಿಂಗಸುಗೂರಿನ ನೋಂದಣಿ ಕಚೇರಿಯಲ್ಲಿ ಅವ್ವ ಹೆಬ್ಬೆರಳು ಒತ್ತದೆ, ತಾನು ಸಾಲಿ ಕಲಿತವಳು ಎಂದು ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದಳು. ಮುಂದೆ ಹೊಲಕ್ಕೆ ಕಾಲುವೆ ನೀರು ಹತ್ತಿತು, ಬೆಲೆ ಆಕಾಶಕ್ಕೆ ಹೋಯಿತು. ಪಂಚಮಿಯ ಕರೆ ಮಾತ್ರ ಬರಲಿಲ್ಲ. ನಂಬಿದ ಎಮ್ಮೆ ಕೋಣ ಈದಿತ್ತು. ಅಂಥ ತಮ್ಮ ಸಾಯುವ ಮುಂಚೆಯಾದರೂ ಸೀರೆ ಕೊಟ್ಟನಲ್ಲ ಎಂದು ನಾನು ಅವನ ಮೇಲಿನ ಸಿಟ್ಟನ್ನು ಅರ್ಧಕ್ಕರ್ಧ ಬಿಟ್ಟಿದ್ದೆ.

ಅತ್ತೆ ನನ್ನನ್ನು ಕಂಡು ಬಾಯ್ತುಂಬ ಕರೆದಳು. ಚಹಾ ಕೊಟ್ಟಳು, ಮಕ್ಕಳ ಸುದ್ದಿ ಕೇಳಿದಳು. ನಾನು ಕಾಶಿ, ವಿಮಾನ, ಬ್ಯಾಗು ಎಲ್ಲ ಹೇಳಿ ಕಾಗದ ಹೊರಗೆ ತೆಗೆದೆ. ಕಾಗದ ಕಂಡದ್ದೇ ತಡ, ಆಕೆಯ ಮುಖ ಬೇರೆಯಾಯಿತು. ಕನ್ನಡಕ ಇಲ್ಲ ಎಂದಳು. ಕನ್ನಡಕ ಆಕೆಯ ತಲೆಯ ಮೇಲೆಯೇ ಇತ್ತು. ನಾನೇ ಓದಿ ಹೇಳಿದೆ.

"ಯಾವ ಸೀರಿ?" ಎಂದಳು ಅತ್ತೆ. "ನಿಮ್ಮ ಮಾವ ಹಾಸಿಗಿ ಹಿಡದು ಬಿದ್ದಿದ್ರು. ಮಗ್ಗಲಾ ಹೊಳ್ಳಬೇಕಂದ್ರ ಇಬ್ರು ಹಿಡೀಬೇಕಿತ್ತು. ಅಂಗಡಿಗಿ ಯಾವಾಗ ಹೋದ್ರು, ಸೀರಿ ಯಾವಾಗ ತಂದ್ರು?"

ಯಾರ ಕೈಯಲ್ಲಾದರೂ ತರಿಸಿರಬಹುದು ಎಂದೆ. ಈ ಮನೆಯಲ್ಲಿ ನನಗೆ ಗೊತ್ತಿಲ್ಲದೆ ಒಂದು ಕರವಸ್ತ್ರ ಬಂದಿಲ್ಲ ಎಂದಳು. ಹೋಗಲಿ, ಒಂದು ಸಹಿಯಲ್ಲವೇ, ವಿಮಾನದವರಿಗೆ ತೋರಿಸುವುದಕ್ಕೆ ಮಾತ್ರ ಎಂದು ನಾನು ಕಾಗದವನ್ನು ಆಕೆಯ ಕಡೆ ಸರಿಸಿದೆ. ಆಕೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಅಕ್ಕಾರು ಒಂದ್ ಸಹಿ ಮಾಡಿದ್ರು, ಏನ್ ಹೋತು ಅಂತ ಅವರಿಗೆ ಗೊತ್ತೈತಿ. ನಾ ಯಾಕ ಮಾಡ್ಲಿ ಅಳಿಯ?"

ಹೊಲ ನುಂಗಿದ ಮನೆಯವಳ ಬಾಯಿಂದ ಈ ಮಾತು ಬಂದಾಗ ನನಗೆ ಕೋಪ ನೆತ್ತಿಗೇರಿತು. ಜೊತೆಗೆ ಅನುಮಾನವೂ ಬಲವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಸೀರೆ ಎಂದ ತಕ್ಷಣ ಈಕೆ ಹೊಲವನ್ನು ಯಾಕೆ ನೆನೆಯಬೇಕು? ಗಂಡ ಕದ್ದುಮುಚ್ಚಿ ಅಕ್ಕನಿಗೆ ಸೀರೆ ಕೊಟ್ಟದ್ದು ಈಕೆಗೆ ಗೊತ್ತಿದೆ, ಗೊತ್ತಿದ್ದೇ ಇಲ್ಲ ಎನ್ನುತ್ತಿದ್ದಾಳೆ ಎಂದು ತೀರ್ಮಾನಿಸಿ ಹೊರಬಿದ್ದೆ. ಸುಳ್ಳು ಹಿಡಿಯುವುದು ನನ್ನ ಕಸುಬು. ಸೀರೆ ಮಸ್ಕಿಯಲ್ಲೇ ಕೊಂಡದ್ದಾದರೆ ಕೊಟ್ಟ ಅಂಗಡಿಯವನು ಇದ್ದೇ ಇರುತ್ತಾನೆ. ಅವ್ವ ಮಸ್ಕಿಯಿಂದ ಆ ಸೀರೆ ತಂದ ಕೈಚೀಲದ ಮೇಲೆ ಅಂಗಡಿಯ ಹೆಸರು ಅಚ್ಚಾಗಿದ್ದದ್ದು ನನಗೆ ನೆನಪಿತ್ತು. ಆ ಚೀಲದಲ್ಲಿ ಅವ್ವ ಎಷ್ಟೋ ದಿನ ಬೆಳ್ಳುಳ್ಳಿ ಇಟ್ಟಿದ್ದಳು.

ಅಂಗಡಿ ಮಾವನ ಓಣಿಯ ಬಾಯಲ್ಲೇ ಇತ್ತು. ಮಾಲಕ ವಯಸ್ಸಾದವರು, ಗಾದಿಯ ಮೇಲೆ ಕೂತಿದ್ದರು. ನಾನು ಇಂಥವರ ಮಗ, ಇಂಥವರ ಅಳಿಯ ಎಂದು ಹೇಳಿ, ಮಾವ ಕೊಂಡ ಸೀರೆಗೆ ಒಂದು ಬಿಲ್ಲಿನ ನಕಲು ಸಿಕ್ಕೀತೇ ಎಂದು ಕೇಳಿದೆ. ಅವರು ಅಂಗಡಿಯಲ್ಲಿದ್ದ ಗಿರಾಕಿ ಹೋಗುವ ತನಕ ಅರಿವೆ ಮಡಚುತ್ತ ಕೂತರು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಮೆಲ್ಲನೆ ಹೇಳಿದರು.

ಆ ದಿನ ಅವ್ವ ಬಸ್ಸಿಳಿದು ಸೀದಾ ಅವರ ಅಂಗಡಿಗೆ ಬಂದಿದ್ದಳಂತೆ. ಒಳ್ಳೆಯದೊಂದು ಇಳಕಲ್ ಸೀರೆ ಆರಿಸಿ, ಸೊಂಟದ ಚೀಲದಿಂದ ರೊಕ್ಕ ಎಣಿಸಿ ಕೊಟ್ಟು, ಅಂಗಡಿ ಹೆಸರಿರುವ ಕೈಚೀಲದಲ್ಲೇ ಹಾಕಿ ಕೊಡಿ ಎಂದು ಕೇಳಿ ಪಡೆದಳಂತೆ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಮ್ಮನ ಮನೆಗೆ ಹೋದಳು. ಹೊರಗೆ ಬರುವಾಗ ಸೆರಗಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಬಂದಳು. ಓಣಿಯ ಕಟ್ಟೆಯ ಮೇಲೆ ಕೂತ ಹೆಂಗಸರ ಮುಂದೆ ನಿಂತು, ತಮ್ಮ ಕೊಟ್ಟ ನೋಡಿರಿ ಎಂದಳು. ಅಂಗಡಿಯ ಮುಂದೆ ಹಾದು ಹೋಗುವಾಗ ಇವರ ಮುಖ ನೋಡಲಿಲ್ಲ.

"ನಾವು ಅರಿವಿ ಮಾರೋರು, ಮಂದಿ ಮಾತು ಮಾರೋರಲ್ರಿ," ಎಂದರು. "ಇವತ್ತಿನ ತನಕ ಯಾರ ಮುಂದೂ ಅಂದಿಲ್ಲ. ಬಿಲ್ಲು ಬೇಕಂದ್ರ ಬರಕೊಡ್ತೀನಿ. ಯಾರ ಹೆಸರ್ಲೆ ಬರೀಲಿ, ನೀವ ಹೇಳ್ರಿ."

ಅವ್ವನ ಹೆಸರಿನಲ್ಲಿ ಬರೆಸಿದರೆ ಬಿಲ್ಲು ನಿಜ, ಸೀರೆ ತವರಿನದಲ್ಲ. ಮಾವನ ಹೆಸರಿನಲ್ಲಿ ಬರೆಸಿದರೆ ಸೀರೆ ತವರಿನದು, ಬಿಲ್ಲು ಸುಳ್ಳು. ಬೇಡ ಬಿಡಿ ಎಂದು ಎದ್ದುಬಂದೆ.

ಮೋಟರ್ ಸೈಕಲ್ ಮೇಲೆ ಸಿಂಧನೂರಿನ ಕಡೆ ಬರುವಾಗ ದಾರಿಯುದ್ದಕ್ಕೂ ಅವ್ವನ ಮೇಲೆ ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಳು ಬರುತ್ತಿತ್ತು. ಗೊರೇಬಾಳದ ಹತ್ತಿರ ನಾಟಿ ಮಾಡಿದ ಗದ್ದೆಗಳ ಬದಿಗೆ ಗಾಡಿ ನಿಲ್ಲಿಸಿ, ಕಣ್ಣಿಗೆ ಧೂಳು ಬಿದ್ದಿದೆ ಎಂದು ನನಗೆ ನಾನೇ ಹೇಳಿಕೊಂಡು ಕಾಲುವೆಯ ನೀರಿನಿಂದ ಮುಖ ತೊಳೆದುಕೊಂಡೆ. ಊರಿನ ಚೀಲಗಳನ್ನೆಲ್ಲ ಚುಚ್ಚಿ ನೋಡುವ ನಾನು ಮನೆಯ ಟ್ರಂಕಿನ ತಳದಲ್ಲಿದ್ದುದನ್ನು ಒಂದು ದಿನವೂ ಅನುಮಾನಿಸಲಿಲ್ಲ. ಆಮೇಲೆ ನನ್ನ ಬುದ್ಧಿ ತನ್ನ ಹಳೆಯ ದಾರಿಗೆ ಬಿತ್ತು. ಇದು ಸುಳ್ಳಾದರೆ ಅವ್ವ ಹೇಳಿದ ಬೇರೆ ಯಾವ ಯಾವ ಮಾತು ಸುಳ್ಳಿರಬಹುದು? ತಮ್ಮ ಪಂಚಮಿಗೆ ಕರೆದಿದ್ದ, ನಾನೇ ಮಂಡಿ ನೋವೆಂದು ಹೋಗಲಿಲ್ಲ ಎಂದು ಪ್ರತಿ ವರ್ಷ ಹೇಳುತ್ತಿದ್ದಳಲ್ಲ, ಅದು? ತಾತನ ಕಾಲದ ಬೆಳ್ಳಿ ಬಟ್ಟಲನ್ನು ತಾನೇ ಬೇಡ ಎಂದು ಬಿಟ್ಟು ಬಂದೆ ಎನ್ನುತ್ತಿದ್ದಳಲ್ಲ, ಅದು? ಮನೆ ಮುಟ್ಟುವ ಹೊತ್ತಿಗೆ ಆಕೆಯ ತವರಿನ ಒಂದು ಮಾತೂ ನನ್ನ ಮುಂದೆ ನಿಲ್ಲಲಿಲ್ಲ.

ಅತ್ತೆ ಸಹಿ ಹಾಕಿದಳೇ ಎಂದು ಅವ್ವ ಕೇಳಿದಳು. ಇಲ್ಲ ಎಂದೆ. ಆಕೆಗೆ ಆಶ್ಚರ್ಯವಾಗಲಿಲ್ಲ. ಮಸ್ಕಿಯಲ್ಲಿ ಇನ್ನೆಲ್ಲಿಗಾದರೂ ಹೋಗಿದ್ದೆಯಾ ಎಂದಳು. ಎಲ್ಲಿಗೂ ಇಲ್ಲ ಎಂದೆ. ಅವ್ವ ನನ್ನ ಮುಖವನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಅಡಿಯ ಕಾಳು ತೆಗೆದು ನೋಡುವುದನ್ನು ಯಾರಿಂದ ಕಲಿತೆ ಎಂದು ಆಗ ಗೊತ್ತಾಯಿತು. ಇಬ್ಬರೂ ಊಟಕ್ಕೆ ಕೂತೆವು.

ಸೀರೆ ಯಾರದೇ ಇರಲಿ, ಕಳೆದವರು ವಿಮಾನದವರೇ ತಾನೆ. ಅವ್ವನನ್ನು ಕೇಳುವ ಧೈರ್ಯವಿಲ್ಲದ ಸಿಟ್ಟನ್ನೆಲ್ಲ ವಿಮಾನದವರ ಮೇಲೆ ತಿರುಗಿಸಿದೆ. ನೋಟಿಸು ಕೊಡಿಸಬೇಕೆಂದು ವಕೀಲರನ್ನು ಹುಡುಕಿದೆ. ಸಿಂಧನೂರಿನ ವಕೀಲರ ಹತ್ತಿರ ಹೋಗಲಿಲ್ಲ. ಇಲ್ಲಿ ಬೆಳಿಗ್ಗೆ ವಕೀಲರಿಗೆ ಹೇಳಿದ್ದು ಮಧ್ಯಾಹ್ನ ಗಂಜಿನ ಚಹಾದಂಗಡಿಯಲ್ಲಿ ಚರ್ಚೆಗೆ ಬರುತ್ತದೆ, ಅಡತಿ ಸಾಹುಕಾರ ಒಂದು ಸೀರೆಗಾಗಿ ಕೋರ್ಟು ಹತ್ತಿದ ಎಂದು ನಗುತ್ತಾರೆ. ಅದಕ್ಕೆ ಲಿಂಗಸುಗೂರಿಗೆ ಹೋದೆ. ಅಲ್ಲಿಯ ವಕೀಲರು ಕಾಗದಗಳನ್ನೆಲ್ಲ ನೋಡಿ, ಬಿಲ್ಲಿಲ್ಲದೆ ಕಷ್ಟ, ಆದರೂ ಒಂದು ನೋಟಿಸು ಕೊಟ್ಟು ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು.

ಅವರ ಆಫೀಸಿನ ಮೆಟ್ಟಿಲು ಇಳಿಯುವಾಗ ಕೆಳಗೆ ಒಬ್ಬರು ಎದುರಾದರು. ಮಸ್ಕಿಯವರು, ಅತ್ತೆಯ ಮನೆಯ ಪಕ್ಕದವರು. ನನ್ನ ಕೈಯಲ್ಲಿದ್ದ ಫೈಲನ್ನೂ ಮೇಲಿನ ವಕೀಲರ ಬೋರ್ಡನ್ನೂ ನೋಡಿ, ಇಷ್ಟು ದೂರ ಏನು ಕೆಲಸ ಎಂದು ಕೇಳಿದರು. ವಿಮಾನದವರ ಮೇಲೆ ನೋಟಿಸು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳಿದವರಿಗೆ ಕೇಳಿದ್ದನ್ನು ಹೇಳುವ ರೂಢಿ ನನಗಿಲ್ಲ. ಏನೋ ಅವ್ವನದೊಂದು ಕೆಲಸ ಇತ್ತು ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಆ ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಕಾರು ನಿಂತಿತು. ಅತ್ತೆ ಇಳಿದಳು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ತೆಂಗಿನಕಾಯಿ, ಮತ್ತೊಂದು ಕೈಯಲ್ಲಿ ಸೀರೆಯ ಪೊಟ್ಟಣ. ಆಕೆ ನಮ್ಮ ಮನೆಗೆ ಬಂದದ್ದು ಮಾವ ಬದುಕಿದ್ದಾಗಲೂ ನನಗೆ ನೆನಪಿಲ್ಲ. ನಡುಮನೆಯಲ್ಲಿ ಓಣಿಯ ಇಬ್ಬರು ಹೆಂಗಸರು ಅವ್ವನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅತ್ತೆ ಅವ್ವನ ಕಾಲಿಗೆ ನಮಸ್ಕಾರ ಮಾಡಿ, ಮಂಡಿ ಹೇಗಿದೆ, ಊಟ ಸೇರುತ್ತದೆಯೇ ಎಂದು ವಿಚಾರಿಸಿದಳು. ನಡುನಡುವೆ ನನ್ನ ಕಡೆ ತಿರುಗಿ, ಲಿಂಗಸುಗೂರಿಗೆ ಬಂದಿದ್ದೆಯಂತೆ, ವಕೀಲರು ಆರಾಮ ಇದ್ದಾರೆಯೇ ಎಂದಳು. ಆಗ ನನಗೆ ಕಾರು ಯಾಕೆ ಬಂತೆಂದು ಹೊಳೆಯಿತು. ಹೊಲದ ಪಾಲಿನ ದಾವೆ ಹೂಡುತ್ತಿದ್ದೇನೆ ಎಂದು ಆಕೆ ತಿಳಿದಿದ್ದಳು. ಒಂದು ಸೀರೆಯ ಖರ್ಚಿನಲ್ಲಿ ಹೊಲ ಉಳಿದರೆ ಲಾಭವೇ. ನಾನು ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ, ಆರಾಮ ಇದ್ದಾರೆ ಎಂದೆ.

ಅತ್ತೆ ಪೊಟ್ಟಣ ಬಿಚ್ಚಿ ಸೀರೆಯನ್ನು ಅವ್ವನ ಮುಂದೆ ಇಟ್ಟಳು. ಕೆಂಪು ಸೆರಗಿನ ಇಳಕಲ್ ಸೀರೆ, ಒಳ್ಳೆಯದೇ. ಅವ್ವ ಅದನ್ನು ಮುಟ್ಟದೆ ಓಣಿಯ ಹೆಂಗಸರ ಕಡೆ ನೋಡಿದಳು. ತಮ್ಮ ಕೊಟ್ಟ ಸೀರೆ ಕಳೆದುಹೋಯಿತೆಂದು ತವರಿನವರು ಮತ್ತೊಂದು ತಂದಿದ್ದಾರೆ ನೋಡಿರಿ ಎಂದಳು. ಹಾಗೆ ಹೇಳಿ, ಅತ್ತೆಯ ಮುಖವನ್ನು ದಿಟ್ಟಿಸಿದಳು.

ಮಸ್ಕಿಯಲ್ಲಿ ನನ್ನ ಮುಂದೆ ಯಾವ ಸೀರೆ ಎಂದು ಕೇಳಿದ್ದ ಬಾಯಿ ಅದು. ಈಗ ಅದೇ ಮಾತು ಇಬ್ಬರು ಹೆಂಗಸರ ಮುಂದೆ ಬಂದರೆ ಸಂಜೆಯೊಳಗೆ ಓಣಿಯಲ್ಲೆಲ್ಲ ಹರಡುತ್ತಿತ್ತು, ಅವ್ವನಿಗೆ ಮತ್ತೆ ಕಟ್ಟೆಯ ಮೇಲೆ ಕೂರುವ ಮುಖ ಇರುತ್ತಿರಲಿಲ್ಲ. ಅತ್ತೆ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅವ್ವನನ್ನು.

"ಹೌದ್ರಿ," ಎಂದಳು. "ಅದನ್ನ ಆರಿಸಿದಾಕಿ ನಾನ. ಅದರಷ್ಟು ಚಲೋದು ಈ ಸಲ ಸಿಗಲಿಲ್ಲರಿ ಅಕ್ಕಾರ."

ಅವ್ವ ಆಗ ಸೀರೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅತ್ತೆ ತಾನಾಗಿಯೇ ಆ ಕಾಗದ ಎಲ್ಲಿದೆ ಎಂದು ಕೇಳಿ, ನನ್ನ ಪೆನ್ನು ತೆಗೆದುಕೊಂಡು, ತನ್ನ ಗಂಡ ಅವನ ಅಕ್ಕನಿಗೆ ಸೀರೆ ಕೊಟ್ಟದ್ದು ನಿಜ ಎಂಬುದರ ಕೆಳಗೆ ಸಹಿ ಹಾಕಿದಳು. ನನ್ನ ಹೆಂಡತಿ ಆಕೆಗೆ ಊಟ ಬಡಿಸಿದಳು. ಹೋಳಿಗೆ ಮಾಡಲು ಹೊತ್ತಿರಲಿಲ್ಲ, ಗೋದಿ ಹುಗ್ಗಿ ಮಾಡಿದ್ದಳು. ಅತ್ತೆ ಎರಡು ಸಲ ಹಾಕಿಸಿಕೊಂಡು ಉಂಡಳು.

ಕಾರು ಹೋದ ಮೇಲೆ ನಾನು ಆ ಕಾಗದವನ್ನು ಫೈಲಿಗೆ ಸೇರಿಸುತ್ತಿದ್ದೆ. ಸುಳ್ಳು ಕಾಗದ ಎಂದು ಗೊತ್ತಿದ್ದೂ ಸೇರಿಸುತ್ತಿದ್ದೆ. ವಿಮಾನದವರು ಹೇಳಿದ ಸುಳ್ಳಿನ ಮುಂದೆ ಇದು ಯಾವ ಲೆಕ್ಕ ಎಂಬ ಸಮಾಧಾನ ಇತ್ತು. ಅವ್ವ ಹೊಸ ಸೀರೆಯ ಮಡಿಕೆಗಳನ್ನು ಒಂದೊಂದಾಗಿ ಸರಿಮಾಡುತ್ತ ಕೂತಿದ್ದಳು. ತಲೆ ಎತ್ತದೆ, ವಿಮಾನದವರ ಲೆಕ್ಕದಿಂದ ಆ ಸೀರೆ ತೆಗೆದುಬಿಡು ಎಂದಳು. ಯಾಕೆ ಎಂದೆ.

"ಅದು ನನ್ನ ರೊಕ್ಕದ ಸೀರಿಯಪ್ಪಾ. ನಾನ ತಗೊಂಡಿದ್ದೆ. ನಿನಗೂ ಗೊತ್ತಾಗೈತಿ, ಅವತ್ತ ನಿನ್ನ ಮಾರಿ ನೋಡಿ ತಿಳಕೊಂಡೆ."

ನಾನು ಫೈಲು ಮುಚ್ಚಿದೆ. ಆ ಹೊತ್ತಿಗೆ ಬೇರೆ ಏನಾದರೂ ಹೇಳಬೇಕಿತ್ತು. ಆದರೆ ನನ್ನ ನಾಲಿಗೆಗೆ ಬಂದದ್ದು ನನ್ನ ಬುದ್ಧಿಯ ಮಾತೇ. ಅತ್ತೆ ಪ್ರೀತಿಯಿಂದ ತಂದದ್ದಲ್ಲ, ಹೊಲ ಹೋದೀತೆಂಬ ಅಂಜಿಕೆಗೆ ತಂದಿದ್ದಾಳೆ, ನೀನು ಇದನ್ನು ನಂಬಬೇಡ ಎಂದುಬಿಟ್ಟೆ. ಅವ್ವ ಸೀರೆಯನ್ನು ಮೂಗಿನ ಹತ್ತಿರ ಹಿಡಿದು ಹೊಸ ಅರಿವೆಯ ವಾಸನೆ ನೋಡಿದಳು. ಎಷ್ಟೋ ತಿಂಗಳ ಮೇಲೆ ಆಕೆಯ ಮುಖ ತಿಳಿಯಾಗಿತ್ತು.

"ಅಂಜಿ ತಂದಾಳ ಅಂತ ನನಗ ಗೊತ್ತಿಲ್ಲೇನು? ಅಂಜಿ ತಂದ್ರೂ ತವರಿಂದ ಬಂತಲ್ಲೋ. ಇನ್ನ ನಾ ಯಾವಾಗ ಹೋದ್ರೂ ನಡೀತೈತಿ," ಎಂದಳು. ಟ್ರಂಕಿನ ಕಡೆ ಹೋಗುತ್ತ ಬಾಗಿಲಲ್ಲಿ ನಿಂತು ತಿರುಗಿದಳು. "ಲಿಂಗಸುಗೂರಿಗೆ ಯಾಕ ಹೋಗಿದ್ದಿ ಅಂತ ಮಾತ್ರ ಆಕಿಗಿ ಹೇಳಬ್ಯಾಡ ಮತ್ತ. ಪಂಚಮಿಗೂ ಕರೀಲಿ."